ಕತ್ತರಿಯ ಶಿಷ್ಯೆ

ಜನವರಿ ೧೭

ಪ್ರೀತಿಯ ಅಮ್ಮ,

ಬಂದು ಸೇರಿದ್ದೀನಿ. ನಾನು ಚೆನ್ನಾಗಿದ್ದೀನಿ, ಹಾಸಿಗೆ ಚೆನ್ನಾಗಿಲ್ಲ. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಜಗಳ ಆಗುತ್ತೆ, ಕಾಗದ ಬರೆಯೋಣ ಅಂತ ಒಪ್ಪಿಕೊಂಡಿದ್ದೀವಲ್ಲ, ಇಗೋ ಮೊದಲನೇದು.

ರೂಮು ಮೂರನೇ ಮಹಡಿ. ಕಿಟಕಿ ತೆಗೆದರೆ ಎದುರಿಗೆ ಬೀಗ ರಿಪೇರಿ ಅಂಗಡಿ, ಇಡೀ ದಿನ ಬೀಗದ ಕೈ ಉಜ್ಜೋ ಕರ್ರ್ ಅನ್ನೋ ಸದ್ದು. ನಾನು ಕೆಲಸಕ್ಕೆ ಸೇರಿರೋ ಲ್ಯಾಬ್ ಇರೋದು ಹಳೇ ಟೈಪಿಂಗ್ ಶಾಲೆಯ ಕಟ್ಟಡದಲ್ಲಿ. ಗೋಡೆ ಮೇಲೆ 'ಬೆನ್ನು ನೇರ ಇಟ್ಟು ಕೂರಿ' ಅನ್ನೋ ಬೋರ್ಡು ಇನ್ನೂ ಇದೆ. ಅದರ ಕೆಳಗೆ ನಾವೆಲ್ಲ ಬೆನ್ನು ಬಗ್ಗಿಸಿಕೊಂಡು ಕೂತಿರ್ತೀವಿ.

ಒಂದು ವಿಷಯ ಕೇಳಬೇಕು. ಮೊದಲ ದಿನ ಲ್ಯಾಬ್ ನಡೆಸೋ ಮೇಡಂ ನನ್ನ ಮುಖ ನೋಡಿ, ಕನ್ನಡಕ ತೆಗೆದು, "ನೀನು ಅವಳ ಮಗಳಾ?" ಅಂದರು. ಹೌದು ಅಂದೆ. "ಆ ಮೂಗು ನೋಡಿದಾಗಲೇ ಗೊತ್ತಾಗಬೇಕಿತ್ತು" ಅಂತ ನಕ್ಕರು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನೀವಿಬ್ಬರೂ ಒಂದೇ ಕಂಪನಿಯಲ್ಲಿ ಇದ್ದವರು ಅಂತ ಬೇರೆಯವರ ಬಾಯಿಂದ ಕೇಳಬೇಕಾಯ್ತು. ನಾನು ಈ ಲ್ಯಾಬಿನ ಹೆಸರು ಹೇಳಿದ ದಿನ ನೀನು ಬರೀ "ಓಹೋ" ಅಂದಿದ್ದೆ. ಆ ಓಹೋ ಒಳಗೆ ಇಷ್ಟೆಲ್ಲ ಇತ್ತಾ?

ಇಲ್ಲಿ ಮಾಡೋದು ಏನಂದರೆ, ಪ್ರೊಸೆಸರ್‌ಗೆ ಗೊತ್ತಿರೋ ಇನ್‌ಸ್ಟ್ರಕ್ಷನ್‌ಗಳನ್ನ ಒಂದೊಂದಾಗಿ ಕಿತ್ತು ಹಾಕೋದು! ಜನ ದಿನಾ ಬಳಸೋ ಪ್ರೋಗ್ರಾಂಗಳನ್ನ ತಗೊಂಡು ಯಾವುದು ಎಷ್ಟು ಸಲ ಬರುತ್ತೆ ಅಂತ ಮೇಡಂ ಎಣಿಸಿದ್ದಾರೆ. ನಿಮ್ಮ ಕಂಪನಿ ಮಾಡೋ ದೊಡ್ಡ ಪ್ರೊಸೆಸರ್‌ಗೆ ನೂರಾರು ಗೊತ್ತಿದ್ದರೂ ಪ್ರೋಗ್ರಾಂಗಳು ಮತ್ತೆ ಮತ್ತೆ ಕೇಳೋದು ಕೆಲವನ್ನೇ. ತಾ, ಇಡು, ಕೂಡಿಸು, ಹೋಲಿಸು, ಅಲ್ಲಿಗೆ ಹಾರು. ಮಿಕ್ಕಿದ್ದೆಲ್ಲ ಅಟ್ಟದ ಮೇಲಿನ ಪಾತ್ರೆ ಅಂತಾರೆ ಮೇಡಂ. ಆ ಕೆಲವನ್ನೇ ಇಟ್ಟುಕೊಂಡು, ಒಂದೊಂದನ್ನೂ ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿಸಬೇಕು ಅನ್ನೋದು ಮೇಡಂ ಹಟ. ಇದಕ್ಕೆ ರಿಸ್ಕ್ ಅಂತ ಹೆಸರು. ಎಲ್ಲ ಪಾತ್ರೆಯನ್ನೂ ಇಟ್ಟುಕೊಂಡಿರೋ ನಿಮ್ಮದರಂಥದ್ದು ಸಿಸ್ಕ್. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ "ಹೆಸರಲ್ಲೇ ರಿಸ್ಕ್ ಇದೆಯಲ್ಲಮ್ಮ" ಅಂದರು. ಮೇಡಂಗೆ ಅದನ್ನ ಹೇಳಿದೆ, ತುಂಬಾ ನಕ್ಕರು.

ನಿನ್ನ,
ಕಡ್ಡಿ


ಫೆಬ್ರವರಿ ೨

ಕಡ್ಡಿಗೆ,

ನಿನ್ನ ಕಾಗದ ಬಂತು. ಅದರಲ್ಲಿ 'ಮೇಡಂ' ಅನ್ನೋದು ಎಷ್ಟು ಸಲ ಇದೆ ಅಂತ ನಾನು ಎಣಿಸಲಿಲ್ಲ. ನಿಮ್ಮಪ್ಪ ಎಣಿಸಿದರು.

ಹೌದು, ನಾವಿಬ್ಬರೂ ಒಂದೇ ಮೇಜಿನಲ್ಲಿ ವರ್ಷಗಟ್ಟಲೆ ಕೂತವರು. ಆಫೀಸಿನಲ್ಲಿ ಅವಳಿಗೆ ಕತ್ತರಿ ಅಂತ ಹೆಸರು. ಯಾವ ಮೀಟಿಂಗಾದರೂ "ಇದು ಯಾಕೆ ಬೇಕು, ತೆಗೀರಿ" ಅನ್ನೋಳು. ನಾನು ಸೇರಿಸೋಳು, ಅವಳು ಕತ್ತರಿಸೋಳು. ಕೊನೆಗೆ ನಿರ್ದೇಶಕರು ನನ್ನ ಮಾತು ಹಿಡಿದರು, ಅವಳು ಮೇಜಿನ ಮೇಲಿದ್ದ ಗಿಡದ ಕುಂಡ ಎತ್ತಿಕೊಂಡು ಹೊರಟುಹೋದಳು. ಇದರಲ್ಲಿ ಮುಚ್ಚಿಡೋ ಅಂಥದ್ದೇನಿಲ್ಲ. ಹೇಳೋ ಅಂಥದ್ದೂ ಏನಿಲ್ಲ ಅಂತ ಹೇಳಿರಲಿಲ್ಲ.

ಅಟ್ಟದ ಮೇಲಿನ ಪಾತ್ರೆ ಅಂದಳಾ? ಆ ಪಾತ್ರೆಗಳನ್ನ ಒಂದೊಂದಾಗಿ ಮಾಡಿದ್ದು ನಾನು ಅನ್ನೋದು ಅವಳಿಗೆ ಚೆನ್ನಾಗಿ ಗೊತ್ತು. ನಿನಗೆ ಗೊತ್ತಿದೆಯೋ ಇಲ್ಲವೋ. ನಿಮ್ಮಪ್ಪನ ಕ್ಲಿನಿಕ್ ನೆನಪು ಮಾಡಿಕೋ. "ಹಲ್ಲು ಕೀಳೋಕೆ ರೆಡಿ ಮಾಡಿ" ಅಂತ ಒಂದು ಮಾತು ಹೇಳಿದರೆ ಸಿಸ್ಟರ್ ದೀಪ ಹಾಕಿ, ಕುರ್ಚಿ ಇಳಿಸಿ, ಇಕ್ಕಳ ಜೋಡಿಸಿ, ಹತ್ತಿ ತೆಗೆದು ಇಡ್ತಾರೆ. ನಮ್ಮ ಚಿಪ್ಪೂ ಹಾಗೇ. ಹೊರಗಿನಿಂದ ಒಂದು ಇನ್‌ಸ್ಟ್ರಕ್ಷನ್ ಬಂದರೆ ಒಳಗೆ ಯಾವ ಯಾವ ಸಣ್ಣ ಕೆಲಸ ಯಾವ ಕ್ರಮದಲ್ಲಿ ನಡೀಬೇಕು ಅಂತ ಬರೆದಿಟ್ಟಿರ್ತೀವಿ. ಮೈಕ್ರೋಕೋಡ್ ಅಂದರೆ ಅದು. ನೀನು ಊಟದ ಮೇಜಿನ ಆ ಕಡೆ ಮಗ್ಗಿ ಬರೀತಿದ್ದಾಗ ಈ ಕಡೆ ಕೂತು ನಾನು ಬರೀತಿದ್ದಿದ್ದು ಅದೇ.

ನಿನ್ನ ಮೇಡಂ ಚಿಪ್ಪಿಗೆ ಪ್ರತಿಯೊಂದನ್ನೂ ಬಿಡಿಸಿ ಬಿಡಿಸಿ ಹೇಳಬೇಕು. ದೀಪ ಹಾಕು. ಕುರ್ಚಿ ಇಳಿಸು. ಇಕ್ಕಳ ತಾ. ಡಾಕ್ಟರ ಗಂಟಲು ಒಣಗಿಹೋಗುತ್ತೆ. ಅಷ್ಟೊಂದು ಮಾತು ತುಂಬಿಡೋದಕ್ಕೆ ಮೆಮೊರಿ ಎಲ್ಲಿಂದ ತರ್ತಾಳೆ? ನಮ್ಮ ಗಿರಾಕಿಗಳ ಹಳೇ ಪ್ರೋಗ್ರಾಂಗಳಿಗೆಲ್ಲ ನಮ್ಮ ಭಾಷೆಯೇ ಬರೋದು, ಅವನ್ನೆಲ್ಲ ಯಾರು ತಿರುಗಿ ಬರೀತಾರೆ? ಕೇಳಿ ನೋಡು. ನಾನು ಕೇಳಿದೆ ಅಂತ ಹೇಳಬೇಡ.

ಹಾಸಿಗೆ ಕೆಳಗೆ ಕಂಬಳಿ ಮಡಚಿ ಹಾಕಿಕೋ. ಇದನ್ನ ಹೇಳೋದಕ್ಕೆ ಯಾವ ಮೇಡಮ್ಮೂ ಬೇಕಿಲ್ಲ.

ಅಮ್ಮ


ಏಪ್ರಿಲ್ ೯

ಅಮ್ಮಾ,

ಚಿಪ್ ಬಂತು! ಉಗುರಿನಷ್ಟಿದೆ. ಮೊದಲು ಜೀವವೇ ಇರಲಿಲ್ಲ, ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಕೊನೆಗೆ ನೋಡಿದರೆ ಬೋರ್ಡಿಗೆ ತಂತಿಯನ್ನೇ ಸರಿಯಾಗಿ ಸಿಕ್ಕಿಸಿರಲಿಲ್ಲ. ಸಿಕ್ಕಿಸಿದೆವು, ಓಡಿತು. ಓಡಿತು ಅಂದರೆ ಹೇಗೆ ಗೊತ್ತಾ!

ನಿನ್ನ ಪ್ರಶ್ನೆ ಕೇಳಿದೆ (ನೀನು ಕೇಳಿದ್ದು ಅಂತ ಹೇಳಲಿಲ್ಲ, ಆದರೆ ಮೇಡಂ "ನಿಮ್ಮಮ್ಮ ಚೆನ್ನಾಗಿದ್ದಾಳಾ?" ಅಂದರು). ಮಾತು ಜಾಸ್ತಿ ಆಗುತ್ತೆ, ನಿಜ. ಮೆಮೊರಿ ವರ್ಷ ವರ್ಷ ಅಗ್ಗ ಆಗ್ತಿದೆ, ಅದನ್ನ ನೆಚ್ಚಿಕೊಂಡಿದ್ದೀವಿ. ಆದರೆ ನಮ್ಮ ಮಾತುಗಳೆಲ್ಲ ಒಂದೇ ಉದ್ದ ಅಮ್ಮಾ. ಒಂದು ನಡೀತಿರೋವಾಗಲೇ ಮುಂದಿನದನ್ನ ಓದಬಹುದು, ಅದರ ಮುಂದಿನದನ್ನ ತರಿಸಿಕೊಳ್ಳಬಹುದು. ಅಪ್ಪನ ಕ್ಲಿನಿಕ್‌ನಲ್ಲಿ ಮೂರು ಜನ ಸಿಸ್ಟರ್ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ ಹಾಗೆ. ನಿಮ್ಮದರಲ್ಲಿ ಒಂದು ಉದ್ದ, ಒಂದು ಗಿಡ್ಡ. ಒಳಗಿನದು ಮುಗಿಯೋ ತನಕ ಮುಂದಿನದು ಬಾಗಿಲಲ್ಲೇ ನಿಂತಿರಬೇಕು. ನಮ್ಮಲ್ಲಿ ಲೆಕ್ಕ ಮಾಡೋದೆಲ್ಲ ಚಿಪ್ಪಿನ ಒಳಗಿನ ಪುಟ್ಟ ಗೂಡುಗಳಂಥ ರಿಜಿಸ್ಟರ್‌ಗಳಲ್ಲೇ. ಮೆಮೊರಿಗೆ ಹೋಗೋದು ತರೋದಕ್ಕೆ, ಇಡೋದಕ್ಕೆ, ಅಷ್ಟೇ. ಕಷ್ಟದ ಕೆಲಸವನ್ನೆಲ್ಲ ಕಂಪೈಲರ್ ತಲೆ ಮೇಲೆ ಹಾಕಿದ್ದೀವಿ. ಜನ ಬರೆದ ಪ್ರೋಗ್ರಾಮನ್ನ ಚಿಪ್ಪಿನ ಸಣ್ಣ ಮಾತುಗಳಿಗೆ ಇಳಿಸೋದು ಅದೇ ತಾನೇ. ಅದನ್ನ ಬರೆಯೋ ಹುಡುಗ ನಮ್ಮನ್ನ ಕಂಡರೆ ಹಲ್ಲು ಕಡೀತಾನೆ.

ಚಿಪ್ ಓಡಿದ ಖುಷಿಗೆ ಎಲ್ಲರೂ ಕೇಕ್ ತಿಂದೆವು. ನನ್ನ ಕೂದಲು ಬೆಸುಗೆ ಹಾಕೋವಾಗ ಯಾವಾಗಲೂ ಮುಂದೆ ಬೀಳುತ್ತಲ್ಲ, ಮೇಡಂ ಕುರ್ಚಿ ಎಳೆದು ಕೂರಿಸಿ, ಕಾಗದ ಕತ್ತರಿಸೋ ಕತ್ತರಿಯಲ್ಲೇ ಕತ್ತರಿಸಿಬಿಟ್ಟರು. ಈಗ ಕಿವಿಯ ಹತ್ತಿರಕ್ಕೆ ಬಂದಿದೆ. ತಲೆ ಎಷ್ಟು ಹಗುರ ಅನ್ನಿಸ್ತಿದೆ ಅಂತೀಯ!

ಕಡ್ಡಿ


ಏಪ್ರಿಲ್ ೨೦

ಕಡ್ಡಿಗೆ,

ಚಿಪ್ ಓಡಿದ್ದು ಕೇಳಿ ಸಂತೋಷ.

ಕೂದಲಿನ ವಿಷಯ ನಿಮ್ಮಪ್ಪನಿಗೆ ಹೇಳಿದೆ. "ಬೆಳೆಯುತ್ತೆ ಬಿಡು" ಅಂದರು. ನಾನು ಬೇರೇನೂ ಹೇಳೋಲ್ಲ. ನೀನು ಹುಟ್ಟಿದ ಮೇಲೆ ಒಂದು ವರ್ಷದವರೆಗೆ ನಿನ್ನ ತಲೆಯಲ್ಲಿ ಕೂದಲೇ ಇರಲಿಲ್ಲ, ಬರುತ್ತೋ ಇಲ್ಲವೋ ಅಂತ ನಾನು ದಿನಾ ಕೈಯಾಡಿಸಿ ನೋಡ್ತಿದ್ದೆ. ಆಮೇಲೆ ಬಂದಿದ್ದನ್ನ ಬೆಳಗ್ಗೆ ಆಫೀಸಿಗೆ ಓಡೋ ಗಡಿಬಿಡಿಯಲ್ಲೂ ಕೂತು ಬಾಚಿದೆ. ನಿನಗೆ ನೋಯುತ್ತೆ ಅಂತ ಅಗಲ ಹಲ್ಲಿನ ಬಾಚಣಿಗೆ ಹುಡುಕಿ ತಂದೆ. ಹೋಗಲಿ, ಕಾಗದ ಕತ್ತರಿಸೋ ಕತ್ತರಿ ಅಂತೆ. ಅಕ್ಕಪಕ್ಕ ಸಮವಾಗಿದೆಯಾ? ಅವಳು ಯಾವತ್ತೂ ಒಂದು ಕಡೆ ಜಾಸ್ತಿ ಕತ್ತರಿಸೋಳು.

ಇನ್ನೊಂದು ಮಾತು. ನಿಮ್ಮ ಚಿಪ್ಪಿನ ಸುದ್ದಿ ನಮ್ಮ ನಿರ್ದೇಶಕರ ಕಿವಿಗೂ ಬಿದ್ದಿದೆ. ನಮ್ಮ ಮುಂದಿನ ಚಿಪ್ಪಿನ ಕೆಲಸ ನಾನು ನೋಡಿಕೊಳ್ತಿದ್ದೀನಿ. ಅದನ್ನ ನಿಲ್ಲಿಸಿ ನಿಮ್ಮದನ್ನೇ ಕೊಂಡುಕೊಂಡರೆ ಹೇಗೆ ಅಂತ ಯೋಚನೆ ನಡೀತಿದೆ. ನನ್ನ ಗುಂಪಿನ ಮುವ್ವತ್ತು ಜನ ಊಟದ ಹೊತ್ತಿನಲ್ಲಿ ನನ್ನ ಮುಖ ನೋಡ್ತಾರೆ. ಆದ್ದರಿಂದ ಇನ್ನು ಮೇಲೆ ನೀನು ಕೆಲಸದ ವಿಷಯ ಬರೀಬೇಡ, ನಾನೂ ಬರೆಯೋಲ್ಲ. ಅದು ಸರಿಯಲ್ಲ.

ಅಮ್ಮ


ಜೂನ್ ೩೦

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೀನಿ. ಬೀಗದ ಅಂಗಡಿಯವರಿಗೆ ಮೊಮ್ಮಗು ಹುಟ್ಟಿದೆ. ಚಪ್ಪಲಿ ಕಿತ್ತುಹೋಗಿತ್ತು, ಹೊಲಿಸಿದೆ. ಕೆಲಸದ ವಿಷಯ ಬರೀಬಾರದು ಅಂದರೆ ನನ್ನ ಹತ್ತಿರ ಇರೋದು ಇಷ್ಟೇ ನೋಡು.

ಆಗಸ್ಟಿನಲ್ಲಿ ನಮ್ಮ ಚಿಪ್ ತೋರಿಸೋಕೆ ನಿಮ್ಮ ಆಫೀಸಿಗೆ ಬರ್ತಿದ್ದೀವಿ, ಅದು ನಿನಗೂ ಗೊತ್ತಿರುತ್ತೆ. ನಾನು ಮನೆಯಲ್ಲಿ ಉಳಿದುಕೊಳ್ತಿಲ್ಲ. ಮೇಡಂ ಜೊತೆ ಹೋಟೆಲಿನಲ್ಲಿ ಇರ್ತೀನಿ. ನೀನೇ ಹೇಳಿದೆಯಲ್ಲ, ಸರಿಯಲ್ಲ ಅಂತ. ಅಪ್ಪನಿಗೆ ಬೇಜಾರಾಗದ ಹಾಗೆ ಹೇಳು.

ಕಡ್ಡಿ


ಆಗಸ್ಟ್ ೨೫

ಅಮ್ಮ,

ರೂಮಿಗೆ ವಾಪಸ್ ಬಂದು ಬರೀತಿದ್ದೀನಿ. ಅಲ್ಲಿದ್ದಾಗಲೇ ಮಾತಾಡಿದ್ದರೆ ಕೂಗಾಡಿಬಿಡ್ತಿದ್ದೆ.

ನೀನು ಆ ಪ್ರಶ್ನೆಗಳನ್ನ ಮೇಡಂಗೆ ಕೇಳಬಹುದಿತ್ತು. "ಪರದೆ ಮುಂದೆ ನಿಂತಿರೋ ಇಂಜಿನಿಯರ್‌ಗೆ ಕೇಳ್ತಿದ್ದೀನಿ" ಅಂತ ನನ್ನನ್ನೇ ಹಿಡಿದೆ. "ನಮ್ಮ ಗಿರಾಕಿಗಳ ಹತ್ತಿರ ಇರೋ ಪ್ರೋಗ್ರಾಂಗಳಲ್ಲಿ ನಿಮ್ಮ ಚಿಪ್ಪಿನ ಮೇಲೆ ಓಡೋದು ಯಾವುದು" ಅಂದೆ ನೀನು. ಯಾವುದೂ ಇಲ್ಲ ಅಂದೆ ನಾನು. ಹೊಸದಾಗಿ ಇಳಿಸಿದರೆ ಎಷ್ಟು ಉಬ್ಬುತ್ತೆ ಅಂದೆ ನೀನು. ಮೂರರಲ್ಲಿ ಒಂದು ಭಾಗ ಜಾಸ್ತಿ ಅಂದೆ ನಾನು. "ಅಂದರೆ ಚಿಪ್ಪಿನ ಭಾರ ಇಳಿಸಿ ಗಿರಾಕಿಯ ಬೆನ್ನ ಮೇಲೆ ಹೊರಿಸಿದ್ದೀರಿ. ಧನ್ಯವಾದ" ಅಂದೆ ನೀನು. ಇಡೀ ಕೋಣೆ ನಕ್ಕಿತು. ಕೊನೇ ಸಾಲಿನಲ್ಲಿ ಚಹಾ ಕೊಡೋರೂ ನಕ್ಕರು.

ಆಮೇಲೆ ನಾನೇನು ಹೇಳಿದೆ ಅಂತ ನನಗೇ ಸರಿಯಾಗಿ ನೆನಪಿಲ್ಲ. ಅಳು ಬರ್ತಿತ್ತು, ಬಾಯಿಗೆ ಬಂದಿದ್ದು ನಿನಗೆ ಹೇಳಿದೆ. "ಮೇಡಂ, ನಿಮ್ಮ ಚಿಪ್ಪಿನ ಒಳಗೆ ನಡೆಯೋದೂ ಇಂಥ ಸಣ್ಣ ಹೆಜ್ಜೆಗಳೇ, ಅದನ್ನ ಬರೆಯೋರು ನೀವೇ. ನಾವು ಹೊರಗೆ ತಂದಿಟ್ಟಿದ್ದೀವಿ, ನೀವು ಒಳಗೆ ಮುಚ್ಚಿಟ್ಟಿದ್ದೀರಿ, ವ್ಯತ್ಯಾಸ ಅಷ್ಟೇ" ಅಂತ ಏನೋ. ಆಗ ನಮ್ಮ ಮೇಡಂ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಮಾತು ಮುಂದುವರಿಸಿದರು.

ನಮ್ಮ ಚಿಪ್ಪಿನಲ್ಲಿ ತಪ್ಪು ಹುಡುಕಿದ್ದಕ್ಕೆ ನನಗೆ ಕೋಪ ಇಲ್ಲ. ಅದು ನಿನ್ನ ಕೆಲಸ. ಆದರೆ ನೀನು ಅದನ್ನ ಕೇಳೋವಾಗ ನಿನ್ನ ಮುಖ ನೋಡಿದೆ. ನಾನು ಯಾವುದೋ ಆಟದಲ್ಲಿ ಸೋಲಬೇಕು ಅಂತ ಕಾಯ್ತಿರೋ ಹಾಗಿತ್ತು. ಒಂದೇ ಒಂದು ಪ್ರಶ್ನೆ ಕೇಳ್ತೀನಿ, ನೀನು ನನ್ನ ಹಾಗೆ ಎಲ್ಲರ ಮುಂದೆ ಉತ್ತರ ಕೊಡಬೇಕಾಗಿಲ್ಲ. ನಿನಗೆ ಹೊಟ್ಟೆಕಿಚ್ಚಾ?

ಮಗಳು


ಸೆಪ್ಟೆಂಬರ್ ೩

ಕಡ್ಡಿಗೆ,

ಪ್ರಶ್ನೆಗಳು ಸರಿಯಾದ ಪ್ರಶ್ನೆಗಳೇ. ಬೇರೆ ಯಾರಾದರೂ ಕೇಳಬೇಕಿತ್ತು ಅನ್ನೋದನ್ನ ಒಪ್ಪಿಕೊಳ್ತೀನಿ.

ಈಗ ನಿನ್ನ ಪ್ರಶ್ನೆ. ಮಾತು ಶುರು ಮಾಡೋ ಮುಂಚೆ ನೀನು ಒಂದು ಸಲ ಅವಳ ಕಡೆ ನೋಡಿದೆ. ಅವಳು ಸ್ವಲ್ಪ ತಲೆಯಾಡಿಸಿದಳು, ನೀನು ಶುರು ಮಾಡಿದೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಪದ್ಯ ಹೇಳೋಕೆ ನಿಂತರೆ ಹಾಗೇ ನನ್ನ ಕಡೆ ನೋಡ್ತಿದ್ದೆ. ನಾನು ಅದೇ ಕೋಣೆಯಲ್ಲಿ ಇದ್ದೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ. ನಿನ್ನ ನೀರಿನ ಲೋಟ ಖಾಲಿ ಆಗಿತ್ತು, ಎದ್ದು ತುಂಬಿಸೋಣ ಅಂದುಕೊಳ್ಳೋಷ್ಟರಲ್ಲಿ ಅವಳು ತನ್ನ ಲೋಟ ನಿನ್ನ ಕಡೆ ಸರಿಸಿದಳು, ನೀನು ನೋಡದೆಯೇ ಎತ್ತಿಕೊಂಡು ಕುಡಿದೆ. ದಿನಾ ಹಾಗೆ ಕುಡಿಯೋರ ಹಾಗೆ. ಕೂದಲು ನಿನಗೆ ಒಪ್ಪುತ್ತೆ. ಅದನ್ನೂ ನೋಡಿದೆ.

ನೀನು ಮಾತಾಡ್ತಾ ಇದ್ದರೆ ನಿರ್ದೇಶಕರು ಪೆನ್ನು ಕೆಳಗಿಟ್ಟು ಕೇಳ್ತಿದ್ದರು. ನನ್ನ ಮಾತಿಗೆ ಅವರು ಯಾವತ್ತೂ ಪೆನ್ನು ಕೆಳಗಿಟ್ಟಿಲ್ಲ. ಹೆಮ್ಮೆ ಆಯ್ತು. ಹೆಮ್ಮೆ ಆದ ಕ್ಷಣಕ್ಕೇ ಇನ್ನೊಂದೂ ಆಯ್ತು. ಎರಡಕ್ಕೂ ನಡುವೆ ಜಾಗವೇ ಇರಲಿಲ್ಲ. ಅದಕ್ಕೆ ನೀನು ಇಟ್ಟಿರೋ ಹೆಸರೇ ಸರಿ ಇರಬಹುದು.

ನಾನು ತಾಯಿ, ಕಲ್ಲಲ್ಲ. ಇಡೀ ಸಭೆಯಲ್ಲಿ ನನ್ನನ್ನ ಮೇಡಂ ಅಂದೆ ನೀನು. ಅಮ್ಮ ಅನ್ನೋಕೆ ಆಗಲ್ಲ, ಗೊತ್ತು. ಆದರೂ.

ಅಮ್ಮ


ನವೆಂಬರ್ ೧೧

ಕಡ್ಡಿಗೆ,

ಉತ್ತರ ಬಂದಿಲ್ಲ. ಅಪ್ಪನಿಗೆ ಫೋನ್ ಮಾಡ್ತಿದ್ದೀಯಂತೆ, ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ. ಬುದ್ಧಿವಂತೆ.

ಚಳಿ ಶುರುವಾಗಿದೆ, ಕಂಬಳಿ ಕಳಿಸಿದ್ದೀನಿ. ನಿರ್ದೇಶಕರು ಇನ್ನೂ ತೀರ್ಮಾನ ಮಾಡಿಲ್ಲ. ನನಗೆ ಸ್ವಲ್ಪ ಕಾಲ ಕೊಡಿ ಅಂತ ಕೇಳಿದ್ದೀನಿ. ಕೆಲಸದ ವಿಷಯ ಇಷ್ಟು ಬರೆದರೆ ತಪ್ಪಾಗಲಾರದು.

ಅಮ್ಮ


ಡಿಸೆಂಬರ್ ೧

ಅಮ್ಮ,

ಕಂಬಳಿ ತಲುಪಿತು. ಬೆಚ್ಚಗಿದೆ.

ಕ.


ಜನವರಿ ೨೨

ನನ್ನ ಕಡ್ಡಿ ಪೈಲ್ವಾನಳಿಗೆ,

ನಾನು ಕಾಗದ ಬರೆದಿದ್ದು ನೋಡಿ ಹೆದರಬೇಡ, ಎಲ್ಲರ ಹಲ್ಲೂ ಗಟ್ಟಿಯಾಗಿದೆ. ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮಮ್ಮನ ಹೆಸರು ಎತ್ತಿದ ಕೂಡಲೇ ನೀನು ನನ್ನ ರೋಗಿಗಳ ಯೋಗಕ್ಷೇಮ ವಿಚಾರಿಸೋಕೆ ಶುರು ಮಾಡ್ತೀಯ.

ನಿನ್ನ ಯಾವುದೋ ಮಾತು ಅವಳ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಊಟದ ಮಧ್ಯೆ ಚಮಚ ಕೆಳಗಿಟ್ಟು "ಮುಚ್ಚಿಟ್ಟಿದ್ದೀರಿ ಅಂದಳಲ್ಲ, ಎಷ್ಟು ಪೊಗರು" ಅಂತಾಳೆ. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಸರಿಯಾಗೇ ಹೇಳಿದಳು" ಅಂತಾಳೆ. ಆಮೇಲೆ ಕೈ ಕೂಡ ತೊಳೆಯದೆ ಏನೋ ಬರೆಯೋಕೆ ಹೋಗ್ತಾಳೆ. ಏನು ಬರೀತಾಳೆ ಅಂತ ನಿನಗೆ ಹೇಳೋ ಹಾಗಿಲ್ಲವಂತೆ. ನನಗೆ ಅರ್ಥವಾಗಿದ್ದರೆ ತಾನೇ ಹೇಳೋದಕ್ಕೆ!

ಅವಳು ನಿನ್ನ ಮೇಲೆ ಕೋಪ ಮಾಡಿಕೊಂಡಿಲ್ಲ ಅನ್ನೋದನ್ನ ತಿಳಿಸೋಣ ಅಂತ ಅಷ್ಟೇ. ಅವಳಿಗೆ ಕೋಪ ಬಂದರೆ ಏನು ಮಾಡ್ತಾಳೆ ಅಂತ ನನಗೆ ಗೊತ್ತು, ಕಪಾಟು ಜೋಡಿಸ್ತಾಳೆ. ನಮ್ಮ ಕಪಾಟುಗಳು ಈಗ ನೋಡೋ ಹಾಗಿಲ್ಲ.

ಅಪ್ಪ


ಮರುವರ್ಷ, ಜೂನ್ ೬

ಗೆಳತಿಗೆ,

ಗೆಳತಿ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಪದ ಸಿಗಲಿಲ್ಲ.

ನಿನ್ನ ಚಿಪ್ಪಿನ ವಿವರಣೆ ಓದಿದೆ. ಎರಡು ಸಲ ಓದಿದೆ. ಹೊರಗೆ ಹಳೇ ಇನ್‌ಸ್ಟ್ರಕ್ಷನ್‌ಗಳೆಲ್ಲ ಹಾಗೇ ಇವೆ. ಒಂದನ್ನೂ ಬಿಟ್ಟಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಒಂದೊಂದನ್ನೂ ಒಡೆದು, ಸಮ ಅಳತೆಯ ಸಣ್ಣ ಹೆಜ್ಜೆ ಮಾಡಿ, ಸಾಲಾಗಿ ಓಡಿಸಿದ್ದೀಯ. ಗಿರಾಕಿ ಒಂದಕ್ಷರ ತಿರುಗಿ ಬರೀಬೇಕಾಗಿಲ್ಲ. ಒಳಗಿರೋದು ನನ್ನ ಚಿಪ್ಪು. ಮೇಲೆ ನಿನ್ನ ಕೋಟು.

ಹಳೇ ಪ್ರೋಗ್ರಾಂಗಳನ್ನ ನಿಮ್ಮವರು ಎರಡರ ಮೇಲೂ ಓಡಿಸಿ ನೋಡಿದರು. ನಮ್ಮದಕ್ಕೆ ಅವನ್ನ ಮೊದಲು ತಿರುಗಿ ಇಳಿಸಬೇಕಾಯ್ತು. ಆದರೂ ಒಂದು ಕೂದಲೆಳೆಯಷ್ಟು ನಾವೇ ಮುಂದೆ. ಅಷ್ಟಕ್ಕೆ ಯಾರು ಮನೆ ಬದಲಾಯಿಸ್ತಾರೆ? ನಿಮ್ಮ ನಿರ್ದೇಶಕರ ಉತ್ತರ ಬಂತು. ಧನ್ಯವಾದ, ಬೇಡ. ನಮ್ಮ ಲ್ಯಾಬ್ ಮುಚ್ಚೋದಿಲ್ಲ. ಅರ್ಧ ಆಗುತ್ತೆ.

ಅಭಿನಂದನೆ ಹೇಳೋಕೆ ಬರೀತಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕು. ನನಗೆ ಹೊಟ್ಟೆ ಉರೀತಿದೆ. ಚಿಪ್ಪಿನ ವಿಷಯಕ್ಕಲ್ಲ. ಅಷ್ಟು ವರ್ಷ ನಿನ್ನ ಪಕ್ಕದಲ್ಲೇ ಕೂತು ನಾನು ಇದನ್ನೇ ಹೇಳಿದೆ. ನೀನು ತಲೆ ಎತ್ತಲಿಲ್ಲ. ನಿನ್ನ ಮಗಳು ಒಂದೇ ಸಲ ಹೇಳಿದಳು. ಅದೂ ಅಳು ನುಂಗಿಕೊಂಡು. ನೀನು ಮನೆಗೆ ಹೋಗಿ ಚಿಪ್ಪೇ ಮಾಡಿಬಿಟ್ಟೆ.

ಇನ್ನೊಂದು. ನನ್ನ ಲ್ಯಾಬಿನಲ್ಲಿ ಯಾವ ವಾದ ಎದ್ದರೂ "ನಮ್ಮಮ್ಮ ಆಗಿದ್ದರೆ ಏನು ಕೇಳ್ತಿದ್ದಳು ಗೊತ್ತಾ" ಅಂತ ಶುರು ಮಾಡ್ತಾಳೆ. ಒಂದು ದಿನವೂ ತಪ್ಪಿಲ್ಲ. ನೀನು ನನಗೆ ಬಾಡಿಗೆ ಕೊಡಬೇಕು, ಇಲ್ಲಿ ಅಷ್ಟು ಜಾಗ ಹಿಡಿದಿದ್ದೀಯ.

ಅವಳು ಕೆಲಸ ಬಿಡ್ತಿರೋದು ನಿನಗೆ ಗೊತ್ತೇ ಇರುತ್ತೆ. ಈ ತಿಂಗಳೇ ಕೊನೆ. ನಾನು ತಡೆಯಲಿಲ್ಲ. ಹೋಗೋದಾದರೆ ನಿನ್ನ ಹತ್ತಿರಕ್ಕೆ ಹೋಗಲಿ ಅಂದುಕೊಂಡೆ. ನಿಜ ಹೇಳಬೇಕಂದರೆ ಅಂದುಕೊಳ್ಳಲಿಲ್ಲ, ಸಹಿಸಿಕೊಂಡೆ.

ಕತ್ತರಿ


ಜೂನ್ ೧೦

ಕತ್ತರಿ,

ನನಗೆ ಗೊತ್ತಿಲ್ಲ. ನನ್ನ ಹತ್ತಿರಕ್ಕೆ ಬರ್ತಿಲ್ಲ. ಎಲ್ಲಿಗೆ ಹೋಗ್ತಿದ್ದಾಳೆ? ಅವರಪ್ಪನಿಗೂ ಹೇಳಿಲ್ಲ. ಕೂಡಲೇ ಬರಿ.


ಜೂನ್ ೧೪

ನನಗೂ ಗೊತ್ತಿಲ್ಲ. ಕೇಳಲೇ ಇಲ್ಲ. ನಿನ್ನ ಹತ್ತಿರಕ್ಕೇ ಅಂತ ಮುನಿಸಿಕೊಂಡು ಕೂತಿದ್ದೆ. ಈಗ ಕೇಳಿದರೆ ಹೇಳ್ತಿಲ್ಲ. "ಇಬ್ಬರಿಗೂ ಒಟ್ಟಿಗೇ ಹೇಳ್ತೀನಿ" ಅಂತಾಳೆ. ಮೂಗು ನಿನ್ನದೇ, ಹಟವೂ ನಿನ್ನದೇ.

ಕತ್ತರಿ


ಜುಲೈ ೧೯

ಪ್ರೀತಿಯ ಅಮ್ಮ,

ಎಷ್ಟೋ ದಿನದ ಮೇಲೆ ಸರಿಯಾಗಿ ಕಾಗದ ಬರೀತಿದ್ದೀನಿ. ಮೊದಲು ನಿನ್ನ ಚಿಪ್. ವಿವರಣೆ ಓದಿ ಎದ್ದು ಹೊರಗೆ ಹೋಗಿ ಒಂದು ಸುತ್ತು ನಡೆದು ಬಂದೆ. ನನ್ನ ಬಾಯಿಂದಲೇ ಬಂದ ಮಾತು ಅಮ್ಮಾ, ನನಗೆ ಕೇಳಿಸಿರಲಿಲ್ಲ. ನಿನಗೆ ಕೇಳಿಸಿತು. ಬೈಯೋಕೆ ಅಂತ ಎಸೆದ ಕಲ್ಲನ್ನ ತಗೊಂಡು ನೀನು ಮನೆ ಕಟ್ಟಿಕೊಂಡೆ. ನನಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಅಂದರೆ, ನಿನಗೆ ಆವತ್ತು ಏನಾಗಿತ್ತು ಅಂತ ಪೂರ್ತಿ ತಿಳೀತು.

ಆದರೆ ನಿನ್ನ ಚಿಪ್ ಬಿಸಿಯಾಗುತ್ತೆ, ಒಪ್ಪಿಕೋ. ಆ ಒಡೆಯೋ ಕೆಲಸಕ್ಕೇ ಎಷ್ಟೊಂದು ವಿದ್ಯುತ್ತು ಕುಡಿಯುತ್ತೆ. ನಾನು ಈಗಿರೋ ಕಡೆ ಅಷ್ಟು ಕುಡಿಯೋಕೆ ಕೊಡೋರಿಲ್ಲ.

ಕಿವಿ ಕೇಳಿಸದವರು ಹಾಕಿಕೊಳ್ಳೋ ಯಂತ್ರ ಮಾಡೋ ಒಂದು ಪುಟ್ಟ ಕಂಪನಿ. ಬೇಕರಿ ಮೇಲಿನ ಎರಡು ಕೋಣೆ, ನೆಲ ಯಾವಾಗಲೂ ಬೆಚ್ಚಗಿರುತ್ತೆ. ಅಂಗಿ ಗುಂಡಿಯಷ್ಟು ದೊಡ್ಡ ಬ್ಯಾಟರಿ, ಅದರಲ್ಲಿ ವಾರಗಟ್ಟಲೆ ಚಿಪ್ ಬದುಕಬೇಕು. ಇಲ್ಲಿಗೆ ನಿನ್ನದು ಹಿಡಿಸೋಲ್ಲ. ಮೇಡಂದೂ ಹಿಡಿಸೋಲ್ಲ. ಯಾರು ಏನು ಕೇಳಿದರೂ ಅವರೂ ಒಂದೊಂದು ಇನ್‌ಸ್ಟ್ರಕ್ಷನ್ ಸೇರಿಸ್ತಾ ಬಂದಿದ್ದರು, ಅವರಿಗೆ ಹೇಳಬೇಡ. ನಾನು ಮೊದಲಿನಿಂದ ಶುರು ಮಾಡಿದ್ದೀನಿ. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ. ಹೆದರಿಕೆ ಆಗುತ್ತೆ. ಕೇಳೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ.

ಹೇಳದೆ ಬಂದಿದ್ದಕ್ಕೆ ನೀವಿಬ್ಬರೂ ನೊಂದಿರ್ತೀರಿ. ನಾನು ಹುಟ್ಟೋ ಮುಂಚಿನಿಂದ ನಡೀತಿರೋ ಜಗಳ ನಿಮ್ಮದು. ನಾನು ಎಲ್ಲಿ ನಿಂತರೂ ಒಬ್ಬರಿಗೆ ಬೆನ್ನು ಹಾಕಬೇಕಿತ್ತು. ಈಗ ಇಬ್ಬರಿಗೂ ಮುಖ ಮಾಡಿ ಕೂತಿದ್ದೀನಿ, ಸ್ವಲ್ಪ ದೂರದಲ್ಲಿ.

ಮೊನ್ನೆ ಹಳೇ ಬಸ್ ಕಂಡಕ್ಟರ್ ಒಬ್ಬರಿಗೆ ನಮ್ಮ ಮಾದರಿ ಯಂತ್ರ ಹಾಕಿ ನೋಡಿದೆವು. ಎದ್ದು ಬಾಗಿಲ ಕಡೆ ನಡೆದರು, ನಿಂತರು, ಹಿಂದಕ್ಕೆ ತಿರುಗಿ ನೋಡಿದರು. ತಮ್ಮ ಚಪ್ಪಲಿ ಸದ್ದನ್ನೇ ಯಾರೋ ಬರ್ತಿದ್ದಾರೆ ಅಂದುಕೊಂಡಿದ್ದರು. ಆಮೇಲೆ ಸುಮ್ಮನೆ ಆ ಕಡೆ ಈ ಕಡೆ ನಡೆದಾಡ್ತಾನೇ ಇದ್ದರು. ನೀನು ಇರಬೇಕಿತ್ತು ಅನ್ನಿಸಿತು.

ಮೇಡಂಗೂ ಇವತ್ತೇ ಕಾಗದ ಹಾಕ್ತಿದ್ದೀನಿ. ಎರಡನ್ನೂ ಒಂದೇ ಡಬ್ಬಕ್ಕೆ.

ನಿನ್ನ,
ಕಡ್ಡಿ


ಜುಲೈ ೨೬

ಕತ್ತರಿ,

ಅವಳ ಕಾಗದ ಬಂತು. ನಿನಗೂ ಬಂದಿರುತ್ತೆ, ಒಂದೇ ಡಬ್ಬಕ್ಕೆ ಹಾಕಿದ್ದಾಳಂತೆ. ನಮ್ಮ ಅಂಚೆಯವರು ಸೋಮವಾರ ಮಧ್ಯಾಹ್ನ ತಂದುಕೊಟ್ಟರು. ನಿಮ್ಮ ಕಡೆ ಸೋಮವಾರ ಬೆಳಗ್ಗೆಯೇ ಬಂದಿದ್ದರೆ ನನಗೆ ತಿಳಿಸಬೇಕಾಗಿಲ್ಲ.

ಬೇಕರಿ ಮೇಲಿನ ಕೋಣೆಯಂತೆ. ಕಂಡಕ್ಟರ್ ಅಂತೆ. ಯಾರೋ ಏನೋ, ಅವರ ಚಪ್ಪಲಿ ಸದ್ದಿನ ಬಗ್ಗೆ ಎಷ್ಟು ಪ್ರೀತಿಯಿಂದ ಬರೆದಿದ್ದಾಳೆ! ಆ ಭಾಗ ಓದೋವಾಗ, ಹೇಳೋದಕ್ಕೇ ನಾಚಿಕೆ, ಪಾಪ ಆ ಮನುಷ್ಯನ ಮೇಲೂ ನನಗೆ ಉರಿ ಬಂತು. ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಹಲ್ಲಿಗಾದರೆ ಔಷಧಿ ಕೊಡಬಹುದಿತ್ತು" ಅಂದರು.

ನಿನ್ನ ಕಾಗದಕ್ಕೆ ನಾನು ಸರಿಯಾಗಿ ಉತ್ತರ ಕೊಟ್ಟಿಲ್ಲ. ಒಳಗಿರೋದು ನಿನ್ನ ಚಿಪ್ಪು ಅಂದೆ. ಹೌದು. ಹಾಗಂತ ಮುಂದಿನ ವಿವರಣೆಯಲ್ಲಿ ನಿನ್ನ ಹೆಸರು ಹಾಕಿ ಬರೀತೀನಿ, ಅವಳ ಹೆಸರಿನ ಜೊತೆ. ಯಾರದು ಮೊದಲು ಅಂತ ಕೇಳಬೇಡ. ಅಷ್ಟು ವರ್ಷ ನನಗೆ ಕೇಳಿಸಲಿಲ್ಲ ಅಂದೆ. ಕೇಳಿಸಿತ್ತು ಕಣೆ. ಹೇಳಿದ್ದು ನೀನು ಅನ್ನೋ ಕಾರಣಕ್ಕೇ ಒಪ್ಪಿರಲಿಲ್ಲ.

ಅವಳಿಗೆ ಹೆದರಿಕೆ ಆಗ್ತಿದೆಯಂತೆ, ಕೇಳೋಕೆ ಪಕ್ಕದಲ್ಲಿ ಯಾರೂ ಇಲ್ಲವಂತೆ. ನನಗೆ ಹಾಗೆ ಬರೆದಿದ್ದಾಳೆ. ನಿನಗೂ ಬರೆದಿದ್ದಾಳಾ? ಬೇಡ, ಹೇಳಬೇಡ. ಸಲಹೆ ಕೊಡೋಕೆ ಹೋಗದೆ ನಾವಿಬ್ಬರೂ ಸುಮ್ಮನಿರಬೇಕು ಅಂತ ನನಗೆ ಅನ್ನಿಸುತ್ತೆ. ಬಾಯಿ ಮುಚ್ಚಿಕೊಂಡಿರೋದು ನನಗೆ ಒಬ್ಬಳಿಗೇ ಆಗೋಲ್ಲ, ನೀನೂ ಮುಚ್ಚಿಕೊಂಡಿದ್ದೀಯ ಅಂತ ಗೊತ್ತಿದ್ದರೆ ಆಗಬಹುದು. ಅದಕ್ಕೇ ಆಗಾಗ ಒಂದು ಕಾಗದ ಹಾಕು.

ನನಗೆ ಬಂದಿದ್ದು ಒಂದೂವರೆ ಪುಟ. ನಿನಗೆ ಎಷ್ಟು ಬಂತು ಅಂತ ಬರೀಬೇಡ. ಬರೀಲೇಬೇಕು ಅನ್ನಿಸಿದರೆ, ಒಂದೇ ಪುಟ ಅಂತ ಬರಿ.

ನಿನ್ನ ಹಳೇ ಮೇಜಿನವಳು